ಫ್ಲೆಕ್ಸ್ ಹಾಕದ ಕೆಲಸ

ನಿಮ್ಮ ವಾರ್ಡಿನ ಕಾರ್ಪೊರೇಟರ್ ಏನು ಸಾಧನೆ ಮಾಡಿದ್ದಾರೆ ಎಂದು ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: ಕಳೆದ ಎರಡು ಮಳೆಗಾಲದಲ್ಲಿ ನಮ್ಮ ಮನೆಯೊಳಗೆ ಗಟಾರದ ನೀರು ಬಂದಿಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಗೆಳತಿಯರು ನಕ್ಕರು. "ಇದೂ ಒಂದು ಸಾಧನೆಯಾ? ನಮ್ಮ ಕಡೆ ಹೈಮಾಸ್ಟ್ ದೀಪ ಹಾಕಿಸಿದಾರ, ಫ್ಲೆಕ್ಸ್ ನೋಡಿಲ್ಲೇನು?" ಎಂದಳು ಒಬ್ಬಳು. ನೋಡಿದ್ದೇನೆ. ದೀಪಕ್ಕಿಂತ ಫ್ಲೆಕ್ಸೇ ದೊಡ್ಡದಿತ್ತು.

ಆ ನಗುವಿಗೆ ಉತ್ತರ ಕೊಡಲು ಈ ಲೇಖನ ಬರೆಯುತ್ತಿದ್ದೇನೆ.

ಕಲಬುರಗಿ ಮಹಾನಗರ ಪಾಲಿಕೆಯಲ್ಲಿ 55 ವಾರ್ಡುಗಳಿವೆ. 2021ರ ಸೆಪ್ಟೆಂಬರ್ 3ರಂದು ಚುನಾವಣೆ ನಡೆಯಿತು, ಮೂರೇ ದಿನಕ್ಕೆ ಫಲಿತಾಂಶವೂ ಬಂತು. ಆದರೆ ಮೇಯರ್ ಆಯ್ಕೆಯಾಗಿದ್ದು 2023ರ ಮಾರ್ಚ್‌ನಲ್ಲಿ. ಗೆದ್ದವರು ಹೆಚ್ಚುಕಡಿಮೆ ಒಂದೂವರೆ ವರ್ಷ ಕುರ್ಚಿಗಾಗಿ ಕಾದರು, ನಾವು ಅವರಿಗಾಗಿ ಕಾದೆವು. ಆ ಅವಧಿಯಲ್ಲಿ ನಮ್ಮ ಓಣಿಯಲ್ಲಿ ಯಾರೂ ಸಿಟ್ಟಿಗೆದ್ದಿದ್ದು ನನಗೆ ನೆನಪಿಲ್ಲ. ಎಂಎಲ್ಎ ಯಾರು ಎಂದು ಎಲ್ಲರಿಗೂ ಗೊತ್ತು, ಪ್ರಧಾನಿ ಬಗ್ಗೆ ಚಹಾದ ಅಂಗಡಿಯಲ್ಲಿ ದಿನಾ ಜಗಳ. ಮನೆ ಮುಂದಿನ ಗಟಾರಕ್ಕೆ ಸಂಬಂಧಪಟ್ಟವರು ಯಾರು ಎಂದರೆ ಎಲ್ಲರೂ ಮುಖ ಮುಖ ನೋಡುತ್ತಾರೆ.

ನಮ್ಮ ಓಣಿ ತಗ್ಗಿನಲ್ಲಿದೆ. ಮೊದಲ ದೊಡ್ಡ ಮಳೆ ಬಂದಾಗ ಅಮ್ಮಿ ಜೋಳದ ಚೀಲ ಮತ್ತು ನನ್ನ ಪುಸ್ತಕಗಳನ್ನು ಮಂಚದ ಮೇಲೆ ಏರಿಸುವುದು ನಮ್ಮ ಮನೆಯ ವಾರ್ಷಿಕ ಪದ್ಧತಿಯಾಗಿತ್ತು. ತಪ್ಪು ಯಾರದು ಎಂದು ಕೇಳಿದರೆ ಸುಳ್ಳು ಹೇಳಲಾರೆ. ಗಟಾರದಲ್ಲಿ ಸಿಕ್ಕಿಕೊಂಡಿದ್ದ ಹಾಲಿನ ಪಾಕೀಟು, ಗುಟ್ಕಾ ಚೀಟಿ, ವಲೀಮಾ ಊಟದ ಪ್ಲೇಟು ಎಲ್ಲಾ ನಮ್ಮವೇ.

ನಮ್ಮ ಕಾರ್ಪೊರೇಟರ್ ಒಬ್ಬ ಮಹಿಳೆ. ಕರ್ನಾಟಕದ ಪಾಲಿಕೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಆದರೆ ಫೋನ್ ಎತ್ತುವುದು ಬಹಳ ಕಡೆ ಅವರ ಗಂಡಂದಿರು. ನಮ್ಮಲ್ಲೂ ಹಾಗೇ ಇತ್ತು. ಮೂರು ಸಲ "ನೋಡೋಣ" ಎಂಬ ಗಂಡಸಿನ ದನಿ ಕೇಳಿದ ಮೇಲೆ ಅಮ್ಮಿ ಓಣಿಯ ಐದು ಹೆಂಗಸರನ್ನು ಕರೆದುಕೊಂಡು ನೇರ ಅವರ ಮನೆಗೇ ಹೋದರು. ನಾನೂ ಹಿಂದೆ ಹೋದೆ, ಆಗ ಹತ್ತನೇ ಕ್ಲಾಸಿನಲ್ಲಿದ್ದೆ. ಅಮ್ಮಿ ಉರ್ದುವಿನಲ್ಲಿ ಎಲ್ಲ ಹೇಳಿದರು. ಅವರು ಕೊನೆಯವರೆಗೆ ಕೇಳಿ, "ಬಾಯಿ ಮಾತು ನಾ ಯಾರಿಗೆ ತೋರಿಸ್ಲಿ? ಕನ್ನಡದಾಗ ಒಂದು ಅರ್ಜಿ ಬರ್ದು ಕೊಡ್ರಿ" ಎಂದರು. ಆರು ಜನರ ಕಣ್ಣು ನನ್ನ ಮೇಲೆ ಬಿತ್ತು.

ಪರೀಕ್ಷೆ ಬಿಟ್ಟು ನಾನು ಕನ್ನಡದಲ್ಲಿ ಬರೆದ ಮೊದಲ ಉಪಯೋಗದ ಕಾಗದ ಅದು. "ಇಂದ", "ಗೆ", "ವಿಷಯ" ಎಂದು ಶಾಲೆಯಲ್ಲಿ ಕಲಿಸಿದ ಹಾಗೇ ಬರೆದೆ. "ಗಟಾರದ ಹೂಳು ತೆಗೆಸಬೇಕು" ಎನ್ನುವಲ್ಲಿ "ಹುಳು ತೆಗೆಸಬೇಕು" ಎಂದು ಬರೆದಿದ್ದೆ. ಅವರು ಓದಿ ನಕ್ಕು, "ಇದೂ ಖರೇನೇ ಅದ ಬಿಡವ್ವಾ, ಎರಡೂ ತೆಗಸಬೇಕು" ಎಂದರು.

ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಮುಚ್ಚುತ್ತವೆ. ಆ ಮೇ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆಗೆ ಅವರು ನಮ್ಮ ಓಣಿಗೆ ಬಂದು ನಿಂತರು. ಚಪ್ಪಡಿ ಕಲ್ಲು ಎತ್ತಿಸಿ ಹೂಳು ತೆಗೆಸಿದರು. ಮುಖ್ಯವಾದ ಮಾತು ಮುಂದಿದೆ: ತೆಗೆದ ಹೂಳನ್ನು ಗಟಾರದ ದಂಡೆಯಲ್ಲೇ ಬಿಟ್ಟರೆ ಮೊದಲ ಮಳೆಗೆ ಅದು ಮತ್ತೆ ಒಳಗೇ ಬೀಳುತ್ತದೆ. ಮರುದಿನ ಅದನ್ನು ಟ್ರ್ಯಾಕ್ಟರಿಗೆ ತುಂಬಿಸುವವರೆಗೆ ಅವರು ಬಿಡಲಿಲ್ಲ. ಮುಂದಿನ ವರ್ಷ ನಾವು ಹೇಳುವ ಮೊದಲೇ ಬಂದರು. ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದ ಕಸದ ಗುಡ್ಡೆಯನ್ನೂ ಇಲ್ಲವಾಗಿಸಿದರು. ಅದಕ್ಕೆ ಅವರು ದಂಡ ಹಾಕಿಸಲಿಲ್ಲ, ಬೋರ್ಡು ಬರೆಸಲಿಲ್ಲ. ಕಸದ ಗಾಡಿ ಒಂಬತ್ತಕ್ಕೆ ಬರುತ್ತಿತ್ತು, ಆ ಹೊತ್ತಿಗೆ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಕಸವನ್ನು ಮೂಲೆಗೆ ಎಸೆದು ಹೋಗಿರುತ್ತಿದ್ದರು. ಗಾಡಿಯ ಹೊತ್ತನ್ನು ಏಳಕ್ಕೆ ತರಿಸಿದರು. ಅಷ್ಟೇ. ಬೇವಿನ ಸಸಿ ಐದು ನೆಡಿಸಿದ್ದರು, ಎರಡು ಉಳಿದಿವೆ. ಉಳಿದಿದ್ದಕ್ಕೆ ಶಾಬಾಸ್ ಹೇಳಬೇಕಾದ್ದು ದಿನಾ ನೀರು ಹಾಕುವ ಚಹಾದ ಅಂಗಡಿ ಚಾಚಾನಿಗೆ.

ಈಗ ನಮ್ಮ ಕಾಮರ್ಸ್ ವಿಷಯಕ್ಕೆ ಬರುತ್ತೇನೆ. ಖರ್ಚಿನಲ್ಲಿ ಎರಡು ಬಗೆ ಎಂದು ನಾವು ಓದಿದ್ದೇವೆ: ಬಂಡವಾಳ ವೆಚ್ಚ ಮತ್ತು ಆದಾಯ ವೆಚ್ಚ. ಯಂತ್ರ ಕೊಳ್ಳುವುದು ಮೊದಲನೆಯದು, ಅದಕ್ಕೆ ಎಣ್ಣೆ ಹಾಕುವುದು ಎರಡನೆಯದು. ಗಟಾರ ಕಟ್ಟಿಸುವುದು ಬಂಡವಾಳ ವೆಚ್ಚ. ಅದಕ್ಕೆ ಭೂಮಿಪೂಜೆ ಇದೆ, ಶಾಲು ಇದೆ, ಫೋಟೊ ಇದೆ. ಹೂಳು ತೆಗೆಯುವುದು ಆದಾಯ ವೆಚ್ಚ. ಪ್ರತಿವರ್ಷ ಮಾಡಬೇಕು, ಮಾಡಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ನೀರು ಮನೆಗೆ ಬರದಿದ್ದಾಗ ಯಾರು ಫೋಟೊ ತೆಗೆಯುತ್ತಾರೆ? ಪುಸ್ತಕದಲ್ಲಿ ನಾವು ಯಂತ್ರಕ್ಕೆ ಸವಕಳಿ ಬರೆಯುತ್ತೇವೆ, ವಾರ್ಡಿನಲ್ಲಿ ಗಟಾರಕ್ಕೆ ಬರೆಯುವುದಿಲ್ಲ. ನಾವು ಮತ ಹಾಕುವಾಗ ಬಂಡವಾಳ ವೆಚ್ಚಕ್ಕೆ ಮಾತ್ರ ಅಂಕ ಕೊಡುತ್ತಿದ್ದರೆ, ಕಾರ್ಪೊರೇಟರುಗಳೂ ಇದ್ದ ರಸ್ತೆಯ ಮೇಲೆ ಮತ್ತೊಂದು ರಸ್ತೆ ಹಾಕಿಸುತ್ತಲೇ ಇರುತ್ತಾರೆ.

ಅಬ್ಬಾ ಇದನ್ನು ಒಪ್ಪುವುದಿಲ್ಲ. "ಅದು ಅವರ ಡ್ಯೂಟಿ, ಹೊಗಳೋದೇನಿದೆ?" ಎನ್ನುತ್ತಾರೆ. ಇನ್ನೊಬ್ಬ ಸಹಪಾಠಿ ಕೇಳಿದ್ದು ಇದಕ್ಕಿಂತ ಕಷ್ಟದ ಪ್ರಶ್ನೆ: ಗಟಾರಕ್ಕೆ ಇಳಿದವರು ಪೌರಕಾರ್ಮಿಕರು, ಹೆಸರು ಮೆಂಬರ್‌ಗೆ ಯಾಕೆ? ಅವನ ಮಾತು ಸರಿ. ನಾವು ಒಣ ಕಸ, ಹಸಿ ಕಸ ಬೇರೆ ಮಾಡಿ ಕೊಡದೆ ಅವರ ಕೈಯಿಂದಲೇ ಅದನ್ನು ಬೇರೆ ಮಾಡಿಸುತ್ತೇವೆ, 2016ರಿಂದಲೇ ನಿಯಮ ಇದ್ದರೂ. ಆದರೂ ಕೆಲಸ ಮಾಡಿದವರನ್ನು ಗುರುತಿಸದಿದ್ದರೆ, ಮಾಡದವರಿಗೂ ಅವರಿಗೂ ನಮ್ಮ ಲೆಕ್ಕದಲ್ಲಿ ವ್ಯತ್ಯಾಸ ಎಲ್ಲಿ ಉಳಿಯಿತು? ನಾನು ಕೇಳುತ್ತಿರುವುದು ಸನ್ಮಾನವಲ್ಲ, ಲೆಕ್ಕ.

ನನ್ನ ನಾನಿಯ ಮನೆ ಕಮಲಾಪುರದಲ್ಲಿದೆ. ಹೌದು, ಕೆಂಪು ಬಾಳೆಹಣ್ಣಿನ ಕಮಲಾಪುರ, ಜಿಐ ಟ್ಯಾಗ್ ಬಂದಿರುವ ಹಣ್ಣು. ಈದ್ ರಜೆಗೆ ಅಲ್ಲಿಗೆ ಹೋಗುವಾಗ ಬಸ್ಸು ಕುರಿಕೋಟಾ ಸೇತುವೆ ದಾಟುತ್ತದೆ, ಕೆಳಗೆ ಬೆಣ್ಣೆತೊರಾ ನೀರು. ನಮ್ಮ ನಗರದ ಕುಡಿಯುವ ನೀರಿನ ಮೂಲಗಳಲ್ಲಿ ಅದೂ ಒಂದು. ಹಾಗಾಗಿ ಕಮಲಾಪುರದ ಕಡೆ ಹೊಳೆಗೆ ಏನು ಎಸೆಯುತ್ತಾರೆ ಎನ್ನುವುದು ಕಲಬುರಗಿಯ ನಮಗೂ ಸಂಬಂಧಪಟ್ಟ ವಿಷಯವೇ.

ನಾನಿಗೆ ನನ್ನ ಅರ್ಜಿಯ ಕತೆ ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು. ಅವರ ಕಾಲದಲ್ಲಿ ಪಂಚಾಯ್ತಿ ಮೆಂಬರ್ ಮನೆ ಮೂರು ಮನೆ ಆಚೆ. ನಲ್ಲಿ ಕೆಟ್ಟರೆ ನಮಾಜ್ ಮುಗಿಸಿ ಬರುವ ದಾರಿಯಲ್ಲೇ ಹೇಳಿಬಿಡುತ್ತಿದ್ದರಂತೆ. ಬೈಯುತ್ತಲೂ ಇದ್ದರಂತೆ. ಗ್ರಾಮ ಪಂಚಾಯ್ತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. 2011ರ ಜನಗಣತಿಯಲ್ಲಿ ಕಲಬುರಗಿಯ ಜನಸಂಖ್ಯೆ 5 ಲಕ್ಷ ದಾಟಿತ್ತು, ಅದನ್ನು 55ರಿಂದ ಭಾಗಿಸಿ ನೋಡಿ. ಒಬ್ಬ ಕಾರ್ಪೊರೇಟರ್‌ಗೆ ಹತ್ತು ಸಾವಿರದಷ್ಟು ಜನ. ದಾರಿಯಲ್ಲಿ ಹಿಡಿದು ಬೈಯಲು ಸಿಗುವುದಿಲ್ಲ. ಅದಕ್ಕೇ 3 ಲಕ್ಷಕ್ಕಿಂತ ದೊಡ್ಡ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಪೊಲಿಟಿಕಲ್ ಸೈನ್ಸ್‌ನಲ್ಲಿ ಎರಡು ಅಂಕದ ಪ್ರಶ್ನೆ ಇದು. ನಮ್ಮಲ್ಲಿ ಎಷ್ಟು ಮನೆಯವರಿಗೆ ಗೊತ್ತು?

ನಾವು ಈ ಮಾತು ಕೇಳುವುದು ಯಾರ ಉಪಕಾರಕ್ಕೂ ಅಲ್ಲ. ಮನೆಯ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ಓದಿ. ತೆರಿಗೆಯ ಜೊತೆ ಆರೋಗ್ಯ ಸೆಸ್, ಗ್ರಂಥಾಲಯ ಸೆಸ್ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಬಾಡಿಗೆ ಮನೆಯವರಾದರೂ ಬಾಡಿಗೆಯಲ್ಲಿ ಅದೂ ಸೇರಿರುತ್ತದೆ. ಅಬ್ಬಾ ಪ್ರತಿ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಸಿಗುತ್ತದೆಂದು ಓಡಿಹೋಗಿ ಕಟ್ಟಿ ಬರುತ್ತಾರೆ, ರಸೀದಿಯನ್ನು ಮಡಚಿ ಕುಕ್ಕರಿನ ಗ್ಯಾರಂಟಿ ಕಾರ್ಡಿನ ಜೊತೆ ಇಡುತ್ತಾರೆ. ಈ ವರ್ಷ ಅದನ್ನು ನಾನು ತೆಗೆದುಕೊಂಡಿದ್ದೇನೆ.

2020ರ ಜನವರಿಯಲ್ಲಿ ತಸ್ನೀಮ್ ಅವರು ಮೈಸೂರಿನ ಮೇಯರ್ ಆದಾಗ, ಆ ಊರಿಗೆ ಮೊದಲ ಮುಸ್ಲಿಂ ಮಹಿಳಾ ಮೇಯರ್ ಎಂದು ನಮ್ಮ ಮೊಹಲ್ಲಾದ ಮೊಬೈಲುಗಳಲ್ಲೆಲ್ಲ ಫೋಟೊ ಓಡಾಡಿತ್ತು. ಖುಷಿಯ ವಿಷಯವೇ. ಆದರೆ ನಮ್ಮವರು, ನಿಮ್ಮವರು ಎನ್ನುವುದಕ್ಕಿಂತ ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎನ್ನುವುದು ನನಗೆ ಈಗ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ನಮ್ಮ ಕಾರ್ಪೊರೇಟರ್ ಯಾವ ಜಾತಿ, ಯಾವ ಪಕ್ಷ ಎಂದು ಇಲ್ಲಿ ಬರೆದಿಲ್ಲ. ಬರೆದಿದ್ದರೆ ನೀವು ಇಷ್ಟು ದೂರ ಓದುತ್ತಿದ್ದಿರೋ ಇಲ್ಲವೋ.

ಮುಂದಿನ ಪಾಲಿಕೆ ಚುನಾವಣೆಗೆ ನಮ್ಮ ಕ್ಲಾಸಿನ ಬಹುತೇಕರಿಗೆ ಮತ ಇರುತ್ತದೆ. ಅಮ್ಮಿ ಈಗ ಕಿರಾಣಿ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಹೂಳು ತೆಗೆದ ದಿನ, ಗಾಡಿ ಬಾರದ ದಿನ ಎಲ್ಲ ಉರ್ದುವಿನಲ್ಲಿ ಬರೆದಿಡುತ್ತಾರೆ. ಅರ್ಜಿಯ ಕನ್ನಡ ನಮೂನೆ ನನ್ನ ಹತ್ತಿರ ಇದೆ. ನಿಮ್ಮ ಓಣಿಗೆ ಬೇಕಾದರೆ ಸೆಕೆಂಡ್ ಪಿಯುಸಿ ಕಾಮರ್ಸ್ ಕ್ಲಾಸಿಗೆ ಬಂದು ಕೇಳಿ. ಈಗ ಅದರಲ್ಲಿ "ಹೂಳು" ಎಂದು ಸರಿಯಾಗಿ ಬರೆದಿದ್ದೇನೆ.