ಖಾಲಿ ಸ್ಪೂಲು

ಕಳೆದ ವಾರ ಬಂಗಾರಪೇಟೆಯಲ್ಲಿ ರೈಲಿಗೆ ಇನ್ನೂ ವೇಳೆಯಿದ್ದುದರಿಂದ ಪೇಟೆಯ ಕಡೆಗೆ ನಡೆದುಹೋಗಿದ್ದೆವು. ಅಲ್ಲಿಯ ಗುಜರಿ ಅಂಗಡಿಯೊಂದರ ತಕ್ಕಡಿಯಲ್ಲಿ ಮೂರು ಹಳೆಯ ಕ್ಯಾಮರಾಗಳನ್ನಿಟ್ಟು ತೂಗುತ್ತಿದ್ದುದು ನಮ್ಮ ಕಣ್ಣಿಗೆ ಬಿದ್ದಿತು. ಮಾರಲು ತಂದಿದ್ದವರು ಚಿನ್ನದ ಗಣಿಯ ಲೈನುಮನೆಯೊಂದನ್ನು ಖಾಲಿಮಾಡುತ್ತಿದ್ದವರು. ಇವು ಕೆಟ್ಟುಹೋಗಿವೆಯೇ ಎಂದು ವಿಚಾರಿಸಿದೆವು. "ಕೆಟ್ಟಿಲ್ಲ ಸ್ವಾಮಿ, ಇದಕ್ಕೆ ರೀಲು ಬರೋದು ನಿಂತುಹೋಯ್ತು" ಎಂದು ಉತ್ತರ ಬಂದಿತು.

ಈ ಉತ್ತರವನ್ನು ಸರಿಯೆಂದು ಒಪ್ಪಿಕೊಂಡು ಎಷ್ಟು ಮನೆಗಳವರು ಎಷ್ಟು ಕ್ಯಾಮರಾಗಳನ್ನು ತೂಕಕ್ಕೆ ಹಾಕಿರುವರೋ ಲೆಕ್ಕವಿಲ್ಲ. ಆದುದರಿಂದ ಈ ದಿನ ಈ ಅಂಕಣವನ್ನು ಸಣ್ಣದೆಂದು ತೋರುವ ಒಂದು ವಿಷಯಕ್ಕೆ ಮೀಸಲಾಗಿಡುತ್ತೇವೆ. ವಾಚಕ ಮಹಾಶಯರು ಮನ್ನಿಸಬೇಕು.

ಆ ಮೂರರಲ್ಲಿ ಒಂದು ಆಗ್ಫಾ ಕ್ಲಿಕ್ ಥ್ರೀ. ಒಂದು ಕಾಲದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮದುವೆ ನಾಮಕರಣಗಳಿಗೆಲ್ಲ ಇದೇ ಸಾಕ್ಷಿ. ಇದಕ್ಕೆ ಬೇಕಾದುದು 120ನೆಯ ಸಂಖ್ಯೆಯ ರೀಲು. 1901ರಲ್ಲಿ ಹುಟ್ಟಿದ ಆ ರೀಲು ಇಂದಿಗೂ ತಯಾರಾಗುತ್ತಿದೆ, ಬೆಂಗಳೂರಿನಿಂದ ತರಿಸಬಹುದು. ಅಂದರೆ ಅದನ್ನು ತೂಕಕ್ಕೆ ಹಾಕಿದ್ದು ಬರಿಯ ಅಜ್ಞಾನದಿಂದ. ಎರಡನೆಯದು ಕೊಡಕ್ ಕಂಪೆನಿಯ ಬ್ರೌನಿ, ಅದರದು 620ನೆಯ ಸಂಖ್ಯೆ. ಕಂಪೆನಿಯವರು ಇದನ್ನು 1995ರಲ್ಲಿ ನಿಲ್ಲಿಸಿದರು. ಮೂರನೆಯದು ಇನ್‌ಸ್ಟಮ್ಯಾಟಿಕ್. ಹೊರದೇಶದಲ್ಲಿದ್ದ ಬಂಧುಗಳಾರೋ ತಂದುಕೊಟ್ಟಿದ್ದಿರಬೇಕು. ಇದಕ್ಕೆ 1963ರಲ್ಲಿ ಬಂದ 126ರ ಪ್ಲಾಸ್ಟಿಕ್ ಕಾರ್ಟ್ರಿಜ್ ಬೇಕು. ಕೊಡಕ್ಕಿನವರು ಅದನ್ನು 1999ರಲ್ಲಿ ಕೈಬಿಟ್ಟರು. ಇಟಲಿಯ ಫೆರಾನಿಯಾ ಕಾರ್ಖಾನೆಯವರು ಕೆಲವು ವರ್ಷ ಮುಂದುವರಿಸಿ ಅವರೂ ನಿಲ್ಲಿಸಿದರು.

620ರ ಕಥೆ ವಿಚಾರಾರ್ಹವಾದುದು. ಅದರ ಫಿಲ್ಮಿಗೂ 120ರ ಫಿಲ್ಮಿಗೂ ಅಗಲದಲ್ಲಿ ಭೇದವಿಲ್ಲ. ಬೆನ್ನಿಗಿರುವ ಕಾಗದ, ಅದರ ಮೇಲಿನ ಅಂಕಿಗಳು, ಎಲ್ಲವೂ ಒಂದೇ. ಭೇದವಿರುವುದು ಫಿಲ್ಮನ್ನು ಸುತ್ತಿರುವ ಸ್ಪೂಲಿನಲ್ಲಿ ಮಾತ್ರ. 620ರ ಸ್ಪೂಲಿನ ನಡುಗಡ್ಡಿ ತೆಳುವು, ಎರಡು ತುದಿಗಳ ಬಿಲ್ಲೆಗಳು ಚಿಕ್ಕವು. 1930ರ ದಶಕದ ಆರಂಭದಲ್ಲಿ ಕಂಪೆನಿಯವರು ಇದನ್ನು ಹೊರತಂದಾಗ ಕ್ಯಾಮರಾವನ್ನು ಸಣ್ಣದಾಗಿ ಮಾಡಬಹುದೆಂದು ಹೇಳಿದರು. ತಮ್ಮ ಕ್ಯಾಮರಾ ಕೊಂಡವನು ಬೇರೆಯವರ ರೀಲನ್ನು ಹಾಕಲಾಗದಂತೆ ಮಾಡುವುದೂ ಉದ್ದೇಶವಾಗಿದ್ದಿತೆಂದು ನಮಗೆ ತೋರುತ್ತದೆ. ಗಿರಾಕಿಯನ್ನು ಅರವತ್ತು ವರ್ಷ ಹೀಗೆ ಕಟ್ಟಿಹಾಕಿ, ಲಾಭ ತೀರಿದಮೇಲೆ ಹಗ್ಗವನ್ನು ಕಡಿದು ಹೋದರು. ವಿದೇಶದ ವರ್ತಕರ ಈ ನೀತಿ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ.

ಆದರೆ ಇದರ ಪರಿಹಾರ ನಮ್ಮ ಕೈಯಲ್ಲಿಯೇ ಇದೆ. 120ರ ರೀಲೊಂದನ್ನು ಕೊಂಡು, ಬೆಳಕು ಸ್ವಲ್ಪವೂ ನುಸುಳದ ಕೋಣೆಯಲ್ಲಿ ಕುಳಿತು, ಫಿಲ್ಮನ್ನೂ ಕಾಗದವನ್ನೂ ಒಟ್ಟಾಗಿ 620ರ ಸ್ಪೂಲೊಂದಕ್ಕೆ ಸುತ್ತಬೇಕು. ಆಗ ಮೊದಲು ಕೊನೆಯಾಗಿ ನಿಲ್ಲುವುದರಿಂದ ಅದನ್ನು 620ರ ಮತ್ತೊಂದು ಸ್ಪೂಲಿಗೆ ಪುನಃ ಸುತ್ತಬೇಕು. ಫಿಲ್ಮು ಕಾಗದಕ್ಕೆ ಅಂಟಿರುವುದು ಒಂದೇ ತುದಿಯಲ್ಲಿ. ಎರಡನೆಯ ಸಲ ಸುತ್ತುವಾಗ ಅಂಟಿನ ಬಳಿ ಫಿಲ್ಮು ಉಬ್ಬಿ ನಿಲ್ಲುತ್ತದೆ. ಅಂಟುಪಟ್ಟಿಯನ್ನು ಮೆಲ್ಲನೆ ಎಬ್ಬಿಸಿ, ಫಿಲ್ಮನ್ನು ಸಮಮಾಡಿ ಮರಳಿ ಅಂಟಿಸಿದರೆ ಕೆಲಸ ಮುಗಿಯಿತು. ಮೊದಲು ಹಾಳಾದ ಫಿಲ್ಮೊಂದನ್ನಿಟ್ಟುಕೊಂಡು ಹಗಲಿನಲ್ಲಿ ಕಣ್ಣು ಮುಚ್ಚಿ ನಾಲ್ಕಾರು ಸಲ ಅಭ್ಯಾಸ ಮಾಡಿಕೊಂಡವನಿಗೆ ಇದು ಕಾಲು ಗಂಟೆಯ ಕೆಲಸ. ಮೈಲುಗಟ್ಟಲೆ ಆಳದಲ್ಲಿ ತಲೆಯ ದೀಪದ ಬೆಳಕಿನಲ್ಲಿ ದುಡಿದವರ ಊರಿಗೆ ಕತ್ತಲೆಯ ಕೆಲಸವೊಂದನ್ನು ನಾವು ವಿವರಿಸಬೇಕಾಗಿ ಬಂದುದು ವಿನೋದವೇ ಸರಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕ್ಯಾಮರಾದ ಬೆನ್ನಿನ ಕೆಂಪು ಕಿಟಕಿಯು ಹಿಂದಿನ ಮಂದ ಫಿಲ್ಮಿಗೆ ತಕ್ಕುದು. ಈಗಿನ ಫಿಲ್ಮಿಗೆ ಕೆಂಪು ಬೆಳಕೂ ತಾಗುವುದರಿಂದ, ಅಂಕಿ ನೋಡುವಾಗ ಹೊರತು ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿರಬೇಕು.

ಇನ್‌ಸ್ಟಮ್ಯಾಟಿಕ್ಕಿನ ಕಾರ್ಟ್ರಿಜ್ ತುಂಬುವುದು ಇಷ್ಟು ಸುಲಭವಲ್ಲ. ಪ್ಲಾಸ್ಟಿಕ್ ಗೂಡನ್ನು ಒಡೆಯದಂತೆ ಸಂದಿನಲ್ಲಿ ಬಿಡಿಸಿ, ಹಳೆಯ ಕಾಗದವನ್ನು ಜೋಪಾನಮಾಡಿ, 35 ಮಿಲಿಮೀಟರಿನ ಸಾಧಾರಣ ಫಿಲ್ಮನ್ನು ಅದರ ಜೊತೆ ಸುತ್ತಿ ಮುಚ್ಚಬೇಕು. ಮೂಲ ಫಿಲ್ಮಿನಲ್ಲಿ ಚಿತ್ರಕ್ಕೊಂದೇ ರಂಧ್ರ. ಸಾಧಾರಣ ಫಿಲ್ಮಿನಲ್ಲಿ ರಂಧ್ರಗಳ ಸಾಲೇ ಇರುವುದರಿಂದ ಕ್ಯಾಮರಾ ಮೋಸಹೋಗಿ ಸ್ವಲ್ಪ ಸ್ವಲ್ಪಕ್ಕೇ ನಿಲ್ಲುತ್ತದೆ. ಮಸೂರವನ್ನು ಕೈಯಿಂದ ಮುಚ್ಚಿ ಹಲವು ಸಲ ಒತ್ತಿ ಸುತ್ತಿದ ಮೇಲೆಯೇ ಮುಂದಿನ ಚಿತ್ರ. ತಾಳ್ಮೆಯುಳ್ಳವರು ಮಾಡಲಿ.

ಇಷ್ಟು ಶ್ರಮವೇತಕ್ಕೆ, ಜೇಬಿನ ಟೆಲಿಫೋನಿನಲ್ಲಿಯೇ ಚಿತ್ರ ಬರುವುದಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಪತ್ರಿಕೆಯೂ ಅದನ್ನೇ ಉಪಯೋಗಿಸುತ್ತಿದೆ, ಅಲ್ಲಗಳೆಯುವುದಿಲ್ಲ. ಇದರಿಂದ ಸ್ವದೇಶಿ ಫಿಲ್ಮು ಹುಟ್ಟುತ್ತದೆಂದೂ ನಾವು ವಾದಿಸುವುದಿಲ್ಲ. ಉದಕಮಂಡಲದಲ್ಲಿ 'ಇಂದು' ಎಂಬ ಹೆಸರಿನ ಫಿಲ್ಮನ್ನು ಮಾಡುತ್ತಿದ್ದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಯಿತು. ಈಗ ನಾವು ಸುತ್ತುವ ಫಿಲ್ಮು ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಚೆಕ್ ದೇಶದಿಂದಲೋ ಬರತಕ್ಕದ್ದು, ಬೆಲೆಯೂ ದುಬಾರಿ. (ಫಿಲ್ಮಿನ ಲೇಪಕ್ಕೆ ಕಿಂಚಿತ್ ಚಿನ್ನದ ಲವಣ ಸೇರಿಸಿದರೆ ಅದರ ಸೂಕ್ಷ್ಮತೆ ಹೆಚ್ಚುವುದೆಂದು 1936ರಲ್ಲಿ ಜರ್ಮನಿಯ ಆಗ್ಫಾದವರು ಕಂಡುಹಿಡಿದರು. ಆ ದಿನಗಳಲ್ಲಿ ನಮ್ಮೂರ ಚಿನ್ನ ಎಲ್ಲೆಲ್ಲಿಗೆ ಹೋಗುತ್ತಿದ್ದಿತೋ!) ನಮ್ಮ ವಾದ ಇಷ್ಟೇ: ಸುಸ್ಥಿತಿಯಲ್ಲಿರುವ ಯಂತ್ರ ಯಾವಾಗ ಸಾಯಬೇಕೆಂಬುದನ್ನು ಮಾರಿದವನು ನಿರ್ಣಯಿಸಕೂಡದು. 2001ರಲ್ಲಿ ಗಣಿಗಳು ಮುಚ್ಚಿದಾಗ ಇಲ್ಲಿಯ ಜನರಿಗೂ ಇಂಥದೇ ತೀರ್ಪನ್ನು ಓದಿಹೇಳಲಾಯಿತು. ಅದನ್ನು ಒಪ್ಪದವರೇ ಇಂದಿಗೂ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಫಿಲ್ಮು ಸಿಕ್ಕುತ್ತದೆ, 620ರ ಸ್ಪೂಲು ಸಿಕ್ಕುವುದಿಲ್ಲ. ಸುತ್ತಲು ಎರಡು ಬೇಕು; ಸುತ್ತಿದ ಬಳಿಕ ಬರಿದಾದುದೇ ಕ್ಯಾಮರಾದೊಳಗೆ ಮತ್ತೊಂದು ಕಡೆ ಕೂಡುವುದು. ನಮ್ಮ ತಂದೆಯವರ ಬ್ರೌನಿಯೊಡನೆ ನಮಗೆ ಬಂದವು ಸರಿಯಾಗಿ ಎರಡೇ. ಕೆಲವು ವರ್ಷಗಳ ಕೆಳಗೆ ರೀಲೊಂದನ್ನು ಸ್ಟುಡಿಯೋ ಒಂದರಲ್ಲಿ ತೊಳೆಯಲು ಕೊಟ್ಟೆವು. ನೆಗೆಟಿವ್ ಬಂದಿತು, ಸ್ಪೂಲು ಬರಲಿಲ್ಲ. ವಿಚಾರಿಸಲಾಗಿ ಕಸದೊಡನೆ ಹೋಯಿತೆಂದರು. ಅವರ ಮೇಲೆ ಕೋಪಿಸಿ ಫಲವೇನು? ಸ್ಪೂಲು ಬೇಕೆಂದು ನಾವೂ ಹೇಳಿರಲಿಲ್ಲ. ಒಂದು ಬೆರಳುದ್ದದ ತಗಡಿಲ್ಲದೆ ಕ್ಯಾಮರಾ ಎರಡು ವರ್ಷ ಬೀರುವಿನಲ್ಲಿ ಕುಳಿತಿತು. ಕೊನೆಗೆ ರಾಬರ್ಟ್‌ಸನ್‌ಪೇಟೆಯಲ್ಲಿ, ಹಿಂದೆ ಗಣಿಯ ವರ್ಕ್‌ಷಾಪಿನಲ್ಲಿದ್ದ ಹಿರಿಯ ಟರ್ನರೊಬ್ಬರು ಉಳಿದುದನ್ನು ಮಾದರಿಯಾಗಿಟ್ಟುಕೊಂಡು ಲೇತಿನಲ್ಲಿ ಹಿತ್ತಾಳೆಯದೊಂದನ್ನು ಕಡೆದುಕೊಟ್ಟರು. ತೂಕ ಸ್ವಲ್ಪ ಹೆಚ್ಚು, ಕ್ಯಾಮರಾ ಬೇಡವೆನ್ನಲಿಲ್ಲ. ಕೂಲಿ ಕೇಳಿದರೆ, ಮನೆಯವರ ಚಿತ್ರವೊಂದನ್ನು ಅದರಲ್ಲಿ ತೆಗೆದುಕೊಡಿ ಎಂದರು. ತೆಗೆದುಕೊಟ್ಟೆವು.

ಇಂಥ ಕೈಗಳು ನಮ್ಮಲ್ಲಿ ಇನ್ನೂ ಇವೆ, ಆದರೆ ವಯಸ್ಸಾಗುತ್ತಿದೆ. ಕೈಗಾರಿಕಾ ತರಬೇತಿ ಶಾಲೆಗಳವರು ವಿದ್ಯಾರ್ಥಿಗಳಿಂದ ಲೇತಿನ ಅಭ್ಯಾಸಕ್ಕೆಂದು ಏನೇನೋ ಮಾಡಿಸಿ ಗುಜರಿಗೆ ಹಾಕುವ ಬದಲು ವರ್ಷಕ್ಕೆ ಹತ್ತು ಸ್ಪೂಲುಗಳನ್ನು ಕಡೆಸಬಾರದೇಕೆ? ಸ್ಟುಡಿಯೋದವರು ತೊಳೆದ ಫಿಲ್ಮಿನೊಡನೆ ಸ್ಪೂಲನ್ನೂ ಲಕೋಟೆಯಲ್ಲಿಟ್ಟು ಕೊಡುವ ಪದ್ಧತಿ ಇಟ್ಟುಕೊಳ್ಳಲಿ. ಕೊಡುವವರೂ ಲಕೋಟೆಯ ಮೇಲೆ ಹಾಗೆಂದು ಬರೆದುಕೊಡಲಿ. ಹಳೆಯ ಕ್ಯಾಮರಾವನ್ನು ಮಾರಲೇಬೇಕಾದವರು ಮೊದಲು ಕೆಂಪು ಕಿಟಕಿಯಲ್ಲಿ ಅಂಕಿ ಕಾಣುವುದೇ ನೋಡಲಿ. ಕಂಡರೆ ಒಳಗೆ ಫಿಲ್ಮಿದೆಯೆಂದು ತಿಳಿದು ಬೆಳಕಿನಲ್ಲಿ ತೆರೆಯದಿರಲಿ. ಅದರಲ್ಲಿ ಈಗ ಇಲ್ಲದವರ ಮುಖವಿರಬಹುದು.

ಬಂಗಾರಪೇಟೆಯ ತಕ್ಕಡಿಯಲ್ಲಿದ್ದ ಬ್ರೌನಿಯನ್ನು ತೂಕದ ಬೆಲೆಗೇ ನಾವು ಕೊಂಡೆವು. ಅದರ ಮಸೂರ ಬೂಷ್ಟು ಹಿಡಿದು ಕೆಟ್ಟಿದೆ. ಒಳಗೆ, ಫಿಲ್ಮು ಸುತ್ತಿಕೊಳ್ಳುವ ಕಡೆಯಲ್ಲಿ, 620ರ ಖಾಲಿ ಸ್ಪೂಲೊಂದು ತುಕ್ಕಿಲ್ಲದೆ ಕುಳಿತಿದ್ದಿತು. ಅದನ್ನು ನಮ್ಮ ಕಾರ್ಯಾಲಯದ ಮೇಜಿನ ಮೇಲೆ ಒಂದು ಡಬ್ಬಿಯಲ್ಲಿಟ್ಟಿದ್ದೇವೆ. ಬೇಕಾದವರು ಬಂದು ಕೇಳಿ ಪಡೆಯಬಹುದು. ಮನೆಯಲ್ಲಿ ಇರುವವರು ತಂದು ಹಾಕಬಹುದು.