ಉತ್ತರ ಸರಿ, ಅಂಕ ಸೊನ್ನೆ!

ಕಳೆದ ವರ್ಷ ಕ್ಯಾಂಪಸ್ ಆಯ್ಕೆಯ ಕೋಡಿಂಗ್ ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು ಸೊನ್ನೆ. ಲಾಜಿಕ್ ಸರಿ, ಉತ್ತರವೂ ಸರಿ. ಕೆಟ್ಟದ್ದು ಒಂದೇ ಸಾಲಿನಿಂದ. ಲ್ಯಾಬ್‌ನಲ್ಲಿ ರೂಢಿಯಾದಂತೆ ‘ಎಂಟರ್ ದಿ ನಂಬರ್’ ಎಂದು ಪ್ರಿಂಟ್ ಮಾಡಿಸಿದ್ದೆ. ಅಲ್ಲಿ ಉತ್ತರ ನೋಡುತ್ತಿದ್ದುದು ಮೇಷ್ಟ್ರಲ್ಲ, ಇನ್ನೊಂದು ಪ್ರೋಗ್ರಾಂ. ಆ ಸಾಲು ಉತ್ತರದ ಜೊತೆ ಸೇರಿ ಎಲ್ಲ ಟೆಸ್ಟ್ ಕೇಸ್‌ಗಳೂ ಫೇಲ್ ಆದವು.

ಸ್ಟ್ಯಾಂಡರ್ಡ್ ಇನ್‌ಪುಟ್ ಎಂದರೆ ಕೀಬೋರ್ಡ್, ಔಟ್‌ಪುಟ್ ಎಂದರೆ ಪರದೆ ಎಂದೇ ನಾನು ನೋಟ್ಸ್ ಬರೆದುಕೊಂಡಿದ್ದೆ. ಅದು ತಪ್ಪೆಂದು ಅರಿವಾದದ್ದು ‘ಬ್ಲಿಟ್’ ಎಂಬ ಹಳೆಯ ಗ್ರಾಫಿಕ್ಸ್ ಟರ್ಮಿನಲ್ ಬಗ್ಗೆ ಓದಿದಾಗ. 1980ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರಾಬ್ ಪೈಕ್ ಮತ್ತು ಬಾರ್ಟ್ ಲೊಕಾಂಥಿ ಅದನ್ನು ರೂಪಿಸಿದರು. 800×1024 ಚುಕ್ಕಿಗಳ ಪರದೆ, ಮೌಸ್, ಸ್ವಂತ ಪ್ರೊಸೆಸರ್, 256 ಕಿಲೋಬೈಟ್ ಮೆಮೊರಿ. ಯುನಿಕ್ಸ್ ಕಂಪ್ಯೂಟರಿನಿಂದ ಡೌನ್‌ಲೋಡ್ ಆದ ಪ್ರೋಗ್ರಾಂ ಈ ಟರ್ಮಿನಲ್ಲಿನೊಳಗೇ ಓಡುತ್ತಿತ್ತು.

ಆದರೆ ಫೈಲ್‌ಗಳು ಇದ್ದದ್ದು ಯುನಿಕ್ಸ್ ಕಂಪ್ಯೂಟರಿನಲ್ಲಿ. ಟರ್ಮಿನಲ್ಲಿಗೆ ಹೋದ ಪ್ರೋಗ್ರಾಂ ಅವನ್ನು ಓದುವುದು ಹೇಗೆ? ಅದಕ್ಕೆ ‘ಜೆಎಕ್ಸ್’ ಎಂಬ ಕಮಾಂಡ್ ಇತ್ತು. ಅದು ಪ್ರೋಗ್ರಾಂ ಅನ್ನು ಟರ್ಮಿನಲ್ಲಿಗೆ ಕಳಿಸಿ, ತಾನು ಇತ್ತ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು. ಪ್ರೋಗ್ರಾಂ ಕೇಳಿದ್ದನ್ನು ಓದಿ ಕೊಡುತ್ತಿತ್ತು, ಬರೆದದ್ದನ್ನು ನಾವು ಹೇಳಿದ ಫೈಲಿಗೆ ತಲುಪಿಸುತ್ತಿತ್ತು. ಚಿತ್ರ ಪರದೆಗೆ, ಉತ್ತರ ಫೈಲಿಗೆ. ಎರಡೂ ಬೆರೆಯುತ್ತಿರಲಿಲ್ಲ. ಇನ್‌ಪುಟ್ ಎಲ್ಲಿಂದ ಬಂತು, ಔಟ್‌ಪುಟ್ ಎಲ್ಲಿಗೆ ಹೋಯಿತು ಎಂಬುದು ಪ್ರೋಗ್ರಾಮಿಗೆ ಗೊತ್ತಿರಬೇಕಾಗಿಯೇ ಇರಲಿಲ್ಲ.

ನಾನು ಬೆರೆಸಿದ್ದು ಇದನ್ನೇ. ಮನುಷ್ಯನಿಗೆ ಹೇಳುವ ಮಾತನ್ನು ಉತ್ತರದ ದಾರಿಯಲ್ಲೇ ಕಳಿಸಿದ್ದೆ. ನನ್ನ ಲ್ಯಾಬ್ ಪರೀಕ್ಷೆಯಲ್ಲಿ ಆ ಸಾಲು ಇಲ್ಲದಿದ್ದರೆ ಅಂಕ ಕಡಿತ, ಕೆಲಸದ ಪರೀಕ್ಷೆಯಲ್ಲಿ ಇದ್ದರೆ ಕಡಿತ! ಈ ವ್ಯತ್ಯಾಸವನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟರೆ ಎಷ್ಟೋ ಮಂದಿ ನನ್ನಂತೆ ಎಡವುವುದು ತಪ್ಪುತ್ತದೆ.

ಕಾಲೇಜು ಬದಲಾಗುವವರೆಗೆ ನಾವು ಕಾಯಬೇಕಿಲ್ಲ, ಗೆಳೆಯರೇ. ಇನ್‌ಪುಟ್ ಅನ್ನು ಒಂದು ಫೈಲಿನಲ್ಲಿ ಬರೆದಿಡಿ. ಕಮಾಂಡ್ ಸಾಲಿನಲ್ಲಿ ‘<’ ಬಳಸಿ ಅದನ್ನು ಪ್ರೋಗ್ರಾಮಿಗೆ ಕೊಡಿ, ‘>’ ಬಳಸಿ ಉತ್ತರವನ್ನು ಇನ್ನೊಂದು ಫೈಲಿಗೆ ಪಡೆಯಿರಿ. ಆ ಫೈಲ್ ತೆರೆದಾಗ ಕೇಳಿದ ಉತ್ತರವಲ್ಲದೆ ಒಂದಕ್ಷರ ಹೆಚ್ಚಿದ್ದರೂ ತೆಗೆದುಹಾಕಿ. ಸೂಚನೆ, ದೋಷಗಳಿಗೆ ಸ್ಟ್ಯಾಂಡರ್ಡ್ ಎರರ್ ಎಂಬ ಬೇರೆ ದಾರಿಯೇ ಇದೆ.

ನಾನೀಗ ದಿನವೂ ಹೀಗೆಯೇ ಅಭ್ಯಾಸ ಮಾಡುತ್ತಿದ್ದೇನೆ. ಮುಂದಿನ ಪರೀಕ್ಷೆಯಲ್ಲಿ ಸೋತರೂ ಪ್ರಶ್ನೆ ಕಷ್ಟವಾಗಿ ಸೋಲಬೇಕು, ಆ ಒಂದು ಸಾಲಿನಿಂದಲ್ಲ.