ಬೀಗಲ್ ಬೇಕಾ? ಮೊದಲು ಅದರ ಮೂಗಿನ ಬಗ್ಗೆ ತಿಳ್ಕೋರಿ

(1/4)
ಈ ವಾರ ಎರಡು ಮೆಸೇಜ್ ಬಂದಿದ್ವು. ಒಂದು ನಮ್ಮ ಕ್ಲಾಸಿನ ಗೆಳತಿದು: "ಬೀಗಲ್ ಮರಿ ತಗೊಳ್ಳೋದೈತಿ. ಮೂರು ಬಣ್ಣದ್ದು ಚಲೋನೋ, ಎರಡು ಬಣ್ಣದ್ದೋ?" ಇನ್ನೊಂದು ಖಾನಾಪುರ ಕಡೆಯ ಒಬ್ಬ ತಮ್ಮನದು: "ಅಣ್ಣಾ, ಮೊಲದ ಬೇಟೆಗೆ ಬೀಗಲ್ ಬರ್ತೈತೇನು? ಮರಿ ಹೆಂಗ ಆರಿಸ್ಬೇಕು?"

ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ. ಗೆಳತಿ ನಾಯಿಯ ಮೂಗನ್ನ ಮರೆತಿದಾಳೆ. ತಮ್ಮ ಮೂಗನ್ನ ನೆನಪಿಟ್ಟಾನ, ಮೊಲವನ್ನ ಮರೆತಾನ.

ಬೀಗಲ್ ಹುಟ್ಟಿದ್ದು ಸೋಫಾ ಮೇಲೆ ಮಲಗೋಕಲ್ಲ. ಇಂಗ್ಲೆಂಡಿನಲ್ಲಿ ಕುದುರೆ ಇಲ್ಲದೆ ಕಾಲ್ನಡಿಗೆಯಲ್ಲೇ ಮೊಲದ ಬೇಟೆ ಆಡೋರು ಬೆಳೆಸಿದ ಸಣ್ಣ ನಾಯಿ ಅದು. 1830ರ ದಶಕದಲ್ಲಿ ಎಸೆಕ್ಸ್‌ನ ಪಾದ್ರಿ ಹನಿವುಡ್ ಕಟ್ಟಿದ ಹಿಂಡಿನಿಂದಲೇ ಇವತ್ತಿನ ಬೀಗಲ್ ತಳಿ ಬಂತು ಅಂತಾರೆ. ಆಮೇಲೆ ಅದು ಅಮೆರಿಕಕ್ಕೆ ಹೋಯ್ತು. ಅಲ್ಲಿನ ಕಾಟನ್‌ಟೇಲ್ ಮೊಲಕ್ಕೆ ಒಂದು ಚಟ: ಎಬ್ಬಿಸಿದರೆ ಒಂದು ಸುತ್ತು ಹಾಕಿ, ಎದ್ದ ಜಾಗದ ಹತ್ತಿರಕ್ಕೇ ವಾಪಸ್ ಬರ್ತದೆ. ಹಿಂಗಾಗಿ ಬೇಟೆಗಾರ ಓಡಬೇಕಿಲ್ಲ, ನಿಂತಲ್ಲೇ ಕಾಯ್ತಾನೆ. ನಾಯಿ ಮೊಲವನ್ನ ಹಿಡಿಯಬೇಕಂತಲೂ ಇಲ್ಲ. ಜಾಡು ಬಿಡದೆ, ಕೂಗ್ತಾ, ಸುತ್ತಿಸಿ ತಂದರೆ ಸಾಕು.

(2/4)
ಅದಕ್ಕೇ ಅಲ್ಲಿನ ಹಳೆ ತಳಿಗಾರರು ಮರಿ ಆರಿಸುವಾಗ ವೇಗ ನೋಡೋದಿಲ್ಲ. ಕ್ಷೇತ್ರ ಪರೀಕ್ಷೆಗಳಲ್ಲಿ ಅವರು ನೋಡೋದು ಇಷ್ಟು:

• ಪೊದೆ ಪೊದೆ ಹೊಕ್ಕು ಹುಡುಕುವ ಹಟ ಐತೋ ಇಲ್ಲೋ.
• ಜಾಡು ಸಿಕ್ಕ ಮೇಲೆ ಅದರ ಮೇಲೇ ಹೋಗ್ತದೋ, ಆಚೀಚೆ ಅಲೀತದೋ.
• ಮೊಲ ತಟ್ಟನೆ ತಿರುಗಿ ವಾಸನೆ ತಪ್ಪಿದಾಗ ಏನು ಮಾಡ್ತದೆ? ಒಳ್ಳೆ ನಾಯಿ ಅಲ್ಲೇ ನಿಂತು ಸುತ್ತಮುತ್ತ ಮೂಸಿ ಮತ್ತೆ ಹಿಡೀತದೆ. ಆತುರದ್ದು ಮುಂದಕ್ಕೆ ಓಡಿಬಿಡ್ತದೆ.
• ದನಿ. ಜಾಡು ಇಲ್ಲದೆ ಕೂಗಿದರೆ ಸುಳ್ಳುಗಾರ. ಜಾಡಿನ ಮೇಲಿದ್ದೂ ಸುಮ್ಮನಿದ್ದರೆ ಬೇಟೆಗಾರನಿಗೆ ಉಪಯೋಗವಿಲ್ಲ.

ಎರಡು ತಿಂಗಳ ಮರಿಯ ಮುಖ ನೋಡಿ ಇದನ್ನ ಹೇಳೋಕೆ ಯಾರಿಗೂ ಆಗಲ್ಲ. ಅದಕ್ಕೇ ಅವರು ಅಪ್ಪನನ್ನಷ್ಟೇ ಅಲ್ಲ, ಅವ್ವನನ್ನೂ, ಹಿಂದಿನ ಸೂಲಿನ ಅಣ್ಣ-ಅಕ್ಕಂದಿರನ್ನೂ ಕೆಲಸದಲ್ಲಿ ನೋಡ್ತಾರೆ.

ನಮ್ಮಲ್ಲಿ? ಮಾರೋನು ಕಿವಿ ಎತ್ತಿ ತೋರಿಸ್ತಾನೆ, ನಾವು ಫೋಟೋ ತಗೋತೀವಿ, ಮುಗೀತು. ಆದರೆ ಬಣ್ಣ ನೋಡಿ ಕೊಂಡ ಮಾತ್ರಕ್ಕೆ ಮೂಗು ಹೋಗಲ್ಲ. ಆ ದನಿಯೂ ಹೋಗಲ್ಲ. ಟಿಳಕವಾಡಿಯ ಫ್ಲ್ಯಾಟಿನಲ್ಲಿ ದಿನವಿಡೀ ಊಳಿಡೋ ಬೀಗಲ್ ತುಂಟ ಅಲ್ರಿ. ತಲೆತಲಾಂತರದಿಂದ ಕಲಿತ ಕೆಲಸ ಐತಿ, ಮಾಡೋಕೆ ಜಾಗ ಇಲ್ಲ. ಅಷ್ಟೇ.

ಹೋದ ಮಳೆಗಾಲ ಜಾಂಬೋಟಿ ಕಡೆ ಹೋದಾಗ ಪರಿಚಯದವರೊಬ್ಬರು ತಮ್ಮ ಬೀಗಲ್‌ನ ಬೆಲ್ಟ್ ಬಿಚ್ಚಿದರು. "ಪಾಪ, ಆಡ್ಲಿ ಬಿಡು" ಅಂತ. ಮೂಗು ನೆಲಕ್ಕಿಟ್ಟದ್ದೇ ತಡ, ಹೆಸರು ಹಿಡಿದು ಕರೆದರೂ ಕಿವಿಗೆ ಬೀಳಲಿಲ್ಲ. ಸಂಜೆ ತನಕ ಹುಡುಕಿದೆವು. ಮೈತುಂಬ ಜಿಗಣೆ ಹತ್ತಿಸ್ಕೊಂಡು ತಾನೇ ಬಂತು. ಚಿರತೆ ಇರೋ ಕಾಡು ಅದು. ಬಂದದ್ದು ನಮ್ಮ ಪುಣ್ಯ.

(3/4)
"ಹಂಗಾದ್ರ ನಮ್ಮ ನಾಡಿನ ಬೇಟೆ ನಾಯಿ ಯಾವುದು?" ಅಂತ ಕೇಳ್ತೀರಿ. ಮುಧೋಳ ನಾಯಿ. ನಮ್ಮಿಂದ ದೂರವೇನಲ್ಲ, ಪಕ್ಕದ ಬಾಗಲಕೋಟೆ ಜಿಲ್ಲೆ. ಅದೂ ಮೊಲದ ನಾಯಿಯೇ, ಆದರೆ ಬೀಗಲ್‌ಗೆ ಪೂರಾ ಉಲ್ಟಾ. ಬೀಗಲ್ ಮೂಗಿನಿಂದ ಬೇಟೆ ಆಡಿದರೆ ಮುಧೋಳ ಕಣ್ಣಿನಿಂದ ಆಡ್ತದೆ. ಬಯಲುಸೀಮೆಯ ಬಟಾಬಯಲು ಹೊಲದಲ್ಲಿ ದೂರದ ಮೊಲ ಕಾಣ್ತದೆ. ಅಲ್ಲಿ ಬೇಕಾದ್ದು ಉದ್ದ ಕಾಲು, ಆಳವಾದ ಎದೆ, ಸಣ್ಣ ಸೊಂಟ. ಖಾನಾಪುರದ ದಟ್ಟ ಕಾಡಿನಲ್ಲಿ ಹತ್ತು ಮಾರು ಆಚೆ ಏನೂ ಕಾಣಲ್ಲ. ಅಲ್ಲಿ ಆ ಓಟ ತಗೊಂಡು ಏನು ಮಾಡ್ತೀರಿ? ನಾಯಿಯ ಮೈಕಟ್ಟನ್ನ ತಿದ್ದೋದು ನೆಲ.

ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನ ಆರಿಸಿ ಆರಿಸಿ ಬೆಳೆಸಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಒಂದು ಜೋಡಿ ಉಡುಗೊರೆ ಹೋಯ್ತು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಂತಲೇ ಸಂಶೋಧನಾ ಕೇಂದ್ರ ಐತಿ, ಅಲ್ಲಿನ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೂ ಹೋಗಿವೆ. ನೋಡ್ರಿ, ಬೇಟೆ ನಿಂತರೂ ಆ ನಾಯಿಗೆ ಕೆಲಸ ಸಿಕ್ತು. ನನ್ನ ವಾದವೂ ಅದೇ.

(4/4)
ಈಗ ಖಾನಾಪುರದ ತಮ್ಮನಿಗೆ. ನಮ್ಮ ಕಾಡಿನ ಮೊಲ ಸಾಕುಮೊಲ ಅಲ್ಲ, ಬಿಲ ತೋಡಲ್ಲ, ಹುಲ್ಲಿನ ಮರೆಯಲ್ಲಿ ಬಯಲಲ್ಲೇ ಮಲಗೋ ಜೀವ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನ ಕಾಯ್ತದೆ. ಆ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದು ಅಷ್ಟೇ ಅಲ್ಲ. ಅಟ್ಟಿಸೋದು, ಬಲೆ ಒಡ್ಡೋದು, ಅದಕ್ಕೆ ಪ್ರಯತ್ನ ಮಾಡೋದೂ ಬೇಟೆಯೇ. "ಹಿಡಿಯಲಿಲ್ಲ, ಸುಮ್ನ ನಾಯಿ ಬಿಟ್ಟಿದ್ವಿ" ಅನ್ನೋದು ನಡೆಯಲ್ಲ. ಭೀಮಗಡ ಅಭಯಾರಣ್ಯ ಇರೋದು ನಿಮ್ಮ ತಾಲೂಕಿನಲ್ಲೇ. ಬೀಗಲ್‌ನ ತವರಾದ ಇಂಗ್ಲೆಂಡೇ 2004ರಲ್ಲಿ ಕಾನೂನು ಮಾಡಿ ನಾಯಿ ಬಿಟ್ಟು ಮೊಲ ಬೇಟೆ ಆಡೋದನ್ನ ನಿಲ್ಲಿಸ್ತು. ಮೊಲ ಹಿಡಿದ ರೀಲ್ಸ್‌ಗೆ ಬೆಂಕಿ ಇಮೋಜಿ ಹಾಕೋರಿಗೂ ಇದೇ ಮಾತು: ನಿಮ್ಮ ಲೈಕ್ ಇನ್ನೊಬ್ಬನ ಕೈಗೆ ಬಲೆ ಕೊಡ್ತದೆ.

"ನಮ್ಮ ಅಜ್ಜ ಆಡ್ತಿದ್ರು" ಅಂತೀರಿ. ಹೌದು, ಆಡ್ತಿದ್ರು. ಅವರ ಕಾಲಕ್ಕೆ ಇದ್ದಷ್ಟು ಕಾಡು ಇವತ್ತು ಉಳಿದೈತೇನು, ನೀವೇ ಹೇಳ್ರಿ.

ಹಂಗಂತ ಮೂಗು ದಂಡ ಆಗಬೇಕಿಲ್ಲ. 1984ರಿಂದ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಬೀಗಲ್‌ಗಳು ಬ್ಯಾಗಿನೊಳಗಿನ ಹಣ್ಣು, ಮಾಂಸ ಮೂಸಿ ಹಿಡೀತಿವೆ. ನೀವು ಮನೆಯಲ್ಲಿ ಚಪಾತಿ ಚೂರು ಬಚ್ಚಿಟ್ಟು ಹುಡುಕಿಸ್ರಿ. ಉದ್ದನೆ ಹಗ್ಗ ಕಟ್ಟಿ ವ್ಯಾಕ್ಸಿನ್ ಡಿಪೋ ಕಡೆ ಕರ್ಕೊಂಡು ಹೋಗಿ, ಅದು ಮೂಸಿದಷ್ಟು ಹೊತ್ತು ನಿಲ್ರಿ. ಫೋನ್ ಜೇಬಿನಲ್ಲಿರಲಿ.

ಗೆಳತಿಗೆ: ಮರಿ ನೋಡೋಕೆ ಹೋದಾಗ ಬಣ್ಣ ಬಿಟ್ಟು ಇವನ್ನ ಕೇಳು. ತಾಯಿ ನಾಯಿ ಎಲ್ಲೈತಿ? ಅದಕ್ಕೆ ವಯಸ್ಸೆಷ್ಟು, ಎಷ್ಟನೇ ಸೂಲು? ನೋಂದಣಿ ಐತೋ? 2017ರ ನಿಯಮದ ಪ್ರಕಾರ ತಳಿಗಾರ ನೋಂದಣಿ ಮಾಡಿಸಲೇಬೇಕು, ಎಂಟು ವಾರ ತುಂಬದ ಮರಿ ಮಾರೋ ಹಂಗಿಲ್ಲ, 18 ತಿಂಗಳಾಗದ ಹೆಣ್ಣುನಾಯಿಗೆ ಮರಿ ಹಾಕಿಸೋ ಹಂಗಿಲ್ಲ. ತಾಯಿಯನ್ನ ತೋರಿಸಲ್ಲ ಅಂದ್ರೆ ಎದ್ದು ಬಾ. ದಿನಕ್ಕೆ ಎರಡು ಸಲ ಹೊರಗೆ ಕರ್ಕೊಂಡು ಹೋಗೋಕೆ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ ಅಂದ್ರೂ ಎದ್ದು ಬಾ. ಓಣಿಯಲ್ಲಿ ಬಾಲ ಅಲ್ಲಾಡಿಸ್ತಾ ಕಾಯೋ ನಾಯಿ ಇದ್ದೇ ಐತಿ. ಅದಕ್ಕೆ ಫ್ಲ್ಯಾಟ್ ಬೇಡ, ಕಾಡೂ ಬೇಡ, ನೀನಿದ್ದರೆ ಸಾಕು.

ನಿಮ್ಮನೆ ಬೀಗಲ್ ಮೂಗಿನ ಕಿತಾಪತಿ ಕಾಮೆಂಟ್‌ನಲ್ಲಿ ಬರೀರಿ. ಮರಿ ತಗೊಳ್ಳೋ ಪ್ಲ್ಯಾನ್‌ನಲ್ಲಿರೋ ದೋಸ್ತನಿಗೆ ಇದನ್ನ ಕಳಸ್ರಿ.

#ಬೆಳಗಾವಿ #ಖಾನಾಪುರ #ಬೀಗಲ್ #ಮುಧೋಳನಾಯಿ